ಸೈನೈಡ್ ಗುಡ್ಡದವರು

ಮಗಳು ಫೋನಿನಲ್ಲಿ ಹೇಳಿದ ಮೊದಲ ಮಾತಿಗೇ ನನಗೆ ಸಿಟ್ಟು ಬಂತು.

"ಅಮ್ಮ, ಅವರು ಮನೆಗೆ ಬಂದಾಗ ನಮ್ಮ ಬೆಟ್ಟ ಯಾವುದು, ನಮ್ಮ ನೀರು ಯಾವುದು ಅಂತ ಹೇಳ್ಬೇಕು. ಅದು ಅವರ ಪದ್ಧತಿ."

"ಹೆಣ್ಣು ಕೇಳೋಕೆ ಬರೋರಿಗೆ ಬೆಟ್ಟ ಯಾಕೇ? ಜಾತಕ ಕೇಳ್ಲಿ, ಕೊಡ್ತೀನಿ," ಎಂದೆ.

ಮಗಳು ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಮದುವೆಯಾಗಬೇಕೆಂದಿದ್ದ ಹುಡುಗ ಮಾವೋರಿ, ಅಂದರೆ ಬಿಳಿಯರು ಬರುವುದಕ್ಕೆ ಮುಂಚೆಯೇ ಆ ದ್ವೀಪದಲ್ಲಿದ್ದ ಜನ. ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಅವನೂ ಅವನ ತಾಯಿಯೂ ಮಗಳ ಜೊತೆ ಸಂಕ್ರಾಂತಿಯ ಹೊತ್ತಿಗೆ ಬಂಗಾರಪೇಟೆಗೆ ಬರುವವರಿದ್ದರು, ನಮ್ಮನ್ನು ಕೇಳಿ ಒಪ್ಪಿಗೆ ಪಡೆಯಲು.

ಆ ದೇಶದ ವಿಷಯ ಮಗಳು ಹೇಳಿದ್ದೆಲ್ಲ ನನಗೆ ಬಾಯಿಪಾಠ. ಇಡೀ ದೇಶದ ಜನ ಸೇರಿದರೂ ಬೆಂಗಳೂರಿನ ಅರ್ಧ ಆಗುವುದಿಲ್ಲ. ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಸಂಜೆ ಐದಕ್ಕೆ ಅಂಗಡಿ ಬಾಗಿಲು ಹಾಕಿಕೊಂಡು ಜನ ಸಮುದ್ರದ ಕಡೆ ಹೋಗಿಬಿಡುತ್ತಾರೆ. ದೊಡ್ಡವರೂ ಬರಿಗಾಲಲ್ಲೇ ಅಂಗಡಿಗೆ ಬರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. "ಅಷ್ಟು ದುಡ್ಡಿರೋ ದೇಶದಲ್ಲಿ ಚಪ್ಪಲಿಗೇನು ಬಂತೇ ಬರ?" ಎಂದು ನಾನು ಕೇಳಿದ್ದೆ. ಮಾವೋರಿಗಳು ಆರು ಜನಕ್ಕೆ ಒಬ್ಬರಂತೆ ಇದ್ದಾರಂತೆ. ಹುಡುಗನ ಅಜ್ಜಿ ಶಾಲೆಯಲ್ಲಿ ತನ್ನ ಮನೆಮಾತು ಆಡಿದ್ದಕ್ಕೆ ಬೆತ್ತದ ಏಟು ತಿಂದು, ಆಮೇಲೆ ಮಕ್ಕಳಿಗೆ ಅದನ್ನು ಕಲಿಸಲೇ ಇಲ್ಲವಂತೆ. ಹುಡುಗನ ತಾಯಿ ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ತಮ್ಮ ತಾಯ್ನುಡಿ ಕಲಿತರಂತೆ. ಇದನ್ನು ಕೇಳಿದಾಗ ಮಾತ್ರ ನಾನು ಏನೂ ಕುಹಕ ಆಡಲಿಲ್ಲ. ನಾನು ಕನ್ನಡ ಟೀಚರು. 'ಓಗ್ತೀನಿ ಮಿಸ್' ಎಂದ ಮಕ್ಕಳ ಕೈಗೆ ಸ್ಕೇಲಿನಲ್ಲಿ ಏಟು ಕೊಟ್ಟವಳು.

ಇನ್ನು ನನ್ನ ಬೆಟ್ಟದ ವಿಷಯ. ನಾನು ಹುಟ್ಟಿದ್ದು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ. ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಹದಿನೆಂಟಕ್ಕೇ ಬಂದು ಗಣಿಗೆ ಇಳಿದವರು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಮನೆ ಬಿಟ್ಟು ಕದಲಿಲ್ಲ. ಮನೆಯ ಹಿಂದೆಯೇ ಸೈನೈಡ್ ಗುಡ್ಡ. ಸೈನೈಡ್ ಹಾಕಿ ಚಿನ್ನ ತೆಗೆದು ಉಳಿದ ಪುಡಿಯನ್ನು ವರ್ಷಗಟ್ಟಲೆ ಸುರಿದು ಸುರಿದು ಎದ್ದ ಗುಡ್ಡ ಅದು. ಆಷಾಢದ ಗಾಳಿ ಬೀಸಿತೆಂದರೆ ಪುಡಿಯೆಲ್ಲ ಮನೆಯೊಳಗೆ. ಅವ್ವ ಮುದ್ದೆಯ ತಪ್ಪಲೆಗೆ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು, ಆದರೂ ಹಲ್ಲಿಗೆ ಕರಕರ ಸಿಗುತ್ತಿತ್ತು. ಬಂಗಾರಪೇಟೆಯ ಕಾಲೇಜಿಗೆ ರೈಲಿನಲ್ಲಿ ಬರುವಾಗ ಹುಡುಗಿಯರು ನನ್ನ ತಲೆ ನೋಡಿ 'ಪೌಡರ್ ತಲೆಗೂ ಹಾಕ್ತೀಯೇನೇ?' ಎಂದು ನಗುತ್ತಿದ್ದರು. ಕೆಲಸ ಸಿಕ್ಕಿ, ಮದುವೆಯಾಗಿ ಬಂಗಾರಪೇಟೆಯಲ್ಲಿ ಮನೆ ಮಾಡಿದ ಮೇಲೆ ಎಲ್ಲಿಯವರು ಎಂದು ಯಾರಾದರೂ ಕೇಳಿದರೆ 'ಕೋಲಾರದ ಕಡೆ' ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಯಜಮಾನರು ತೀರಿಹೋದ ಮೇಲೂ ಅಪ್ಪನನ್ನು ನನ್ನ ಮನೆಗೆ ಬಂದಿರಿ ಎಂದು ಬಾಯಿಮಾತಿಗೆ ಕರೆದಿದ್ದೆನೇ ಹೊರತು ಮನಸ್ಸಿನಿಂದ ಅಲ್ಲ.

ಅತಿಥಿಗಳು ಬರುವ ಹಿಂದಿನ ದಿನ ಅಪ್ಪನನ್ನು ಕರೆತಂದೆ. ಹೊಸ ಪಂಚೆ ಕೊಟ್ಟೆ. ಆಮೇಲೆ ಹೇಳಿದೆ.

"ಅಪ್ಪ, ನಮ್ಮ ಬೆಟ್ಟ ಕೋಲಾರದ ಅಂತರಗಂಗೆ ಬೆಟ್ಟ ಅಂತ ನಾನೇ ಹೇಳ್ತೀನಿ. ನೀವು ಏನೂ ಮಾತಾಡ್ಬೇಡಿ. ಸಂಬಂಧ ಕೆಟ್ಟರೆ ಮಗು ಬಾಳು ಹಾಳಾಗುತ್ತೆ."

ಅಪ್ಪ ಪಂಚೆಯ ಅಂಚು ಸವರುತ್ತಾ ಕೂತಿದ್ದರು. "ಮೊಮ್ಮಗಳ ಕಡೇರ ಅತ್ರ ಒಂದ್ ಮಾತಾಡೋಣ ಅಂದ್ಕಂಡಿದ್ದೆ. ಆಯ್ತು ಬಿಡಮ್ಮ. ನಿಂಗೆ ತಿಳೀತದೆ," ಎಂದರು. ಅಷ್ಟೇ.

ಮರುದಿನ ಅವರು ಬಂದರು. ಹುಡುಗ ಬಾಗಿಲು ತುಂಬುವಷ್ಟು ದಪ್ಪ, ತೋಳಿನ ತುಂಬ ಹಚ್ಚೆ. ತಾಯಿ ನನ್ನ ವಯಸ್ಸಿನವರೇ, ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟರು. ಒಳಗೆ ಬಂದವರು ನನ್ನ ಹೆಗಲು ಹಿಡಿದು, ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಒಂದು ಉಸಿರು ಎಳೆದುಕೊಂಡರು. ನನ್ನ ಮೂಗುತಿ ಅವರಿಗೆ ಚುಚ್ಚಿತೋ ಏನೋ, ನಕ್ಕರು. ಅಯ್ಯೋ ಶಿವನೇ, ನನಗೂ ನಗು ಬಂತು. ಊಟದ ಮೇಜಿನ ಮೇಲೆ ನಾನು ಮರೆತಿಟ್ಟಿದ್ದ ಬಾಚಣಿಗೆಯನ್ನು ಅವರು ಸದ್ದಿಲ್ಲದೆ ತೆಗೆದು ಕಿಟಕಿಯಲ್ಲಿಟ್ಟರು. ತಲೆಗೆ ಸಂಬಂಧಿಸಿದ್ದನ್ನು ಅನ್ನ ಇಡುವ ಜಾಗದಲ್ಲಿ ಇಡಬಾರದಂತೆ. ನಮ್ಮ ಅಜ್ಜಿಯೇ ಎದ್ದು ಬಂದ ಹಾಗಾಯಿತು. ಇವರ ಜೊತೆ ಏಗಬಹುದು ಎನ್ನಿಸಿತು.

ಕಾಫಿಗೆ ಮೊದಲೇ ಅವರು ಎದ್ದು ನಿಂತು ತಮ್ಮ ಭಾಷೆಯಲ್ಲಿ ಮಾತಾಡಿದರು. ಮಗಳು ಕನ್ನಡದಲ್ಲಿ ಹೇಳುತ್ತಾ ಹೋದಳು. ನನ್ನ ಬೆಟ್ಟ ಇದು, ನನ್ನ ನದಿ ಇದು, ನನ್ನ ಹಿರಿಯರು ಸಮುದ್ರ ದಾಟಿ ಬಂದ ದೋಣಿ ಇದು, ನಾನು ಇಂಥವರ ಮಗಳು. ತಮ್ಮ ಹೆಸರನ್ನು ಕೊನೆಗೆ ಹೇಳಿದರು. ಮಾತು ಮುಗಿದದ್ದೇ ಹುಡುಗ ಎದ್ದು ಅವರ ಹಿಂದೆ ನಿಂತು ಹಾಡಿದ. ಮಾತಾಡಿದವರ ಬೆನ್ನಿಗೆ ಅವರ ಜನ ನಿಂತು ಹಾಡಬೇಕು, ಇಲ್ಲದಿದ್ದರೆ ಆ ಮಾತು ಒಂಟಿ ಎಂದು ಮಗಳು ವಿವರಿಸಿದಳು.

ಈಗ ನಮ್ಮ ಸರದಿ. ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕೆಂದು ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಅಂತರಗಂಗೆ ಬೆಟ್ಟ ನಮ್ಮದು, ಅಲ್ಲಿ ಬಸವನ ಬಾಯಿಂದ ಬೀಳುವ ನೀರು ನಮ್ಮದು, ಎಂದೆ. ಇಂಗ್ಲಿಷಿಗೆ ತಿರುಗಿಸಬೇಕಾದ ಮಗಳು ತಲೆ ತಗ್ಗಿಸಿ ಸುಮ್ಮನಿದ್ದಳು.

"ಹೇಳೇ," ಎಂದೆ.

"ಅಮ್ಮ, ನಾನು ಅಲ್ಲಿ ಹೇಳಿಬಿಟ್ಟಿದ್ದೀನಿ."

"ಏನನ್ನ?"

"ಹೋದ ವರ್ಷ ಅವರ ಮರೈಗೆ, ಅಂದ್ರೆ ಅವರ ಕುಲದ ಸಭಾಮನೆಗೆ ನನ್ನ ಕರ್ಕೊಂಡು ಹೋಗಿದ್ರು. ಎಲ್ಲರ ಮುಂದೆ ಎದ್ದು ಹೇಳ್ದೆ. ನನ್ನ ಬೆಟ್ಟ ಸೈನೈಡ್ ಗುಡ್ಡ, ನಾನು ಗಣಿಗೆ ಇಳಿದವರ ಮೊಮ್ಮಗಳು ಅಂತ. ತಾತನ ನೋಡೋಕೇ ಇವರು ಬಂದಿರೋದು."

ನನ್ನ ಮೈ ಉರಿಯಿತು. "ಹೇಳೋಕೆ ಬೇರೇನೂ ಸಿಗ್ಲಿಲ್ವೇನೇ ನಿಂಗೆ? ಮಾನ ಮರ್ಯಾದೆ ಇಲ್ವಾ?" ಎಂದು ಅತಿಥಿಗಳ ಎದುರಿಗೇ ಕೂಗಿದೆ. ಅವರಿಬ್ಬರೂ ನೆಲ ನೋಡುತ್ತಾ ಕೂತರು. ಆ ಮರ್ಯಾದೆ ನನಗಿರಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಿಂದ ಅಪ್ಪ ಮೊಮ್ಮಗಳನ್ನು ಕೇಳಿದರು. "ನಕ್ಕಿದ್ರೇನಮ್ಮ ಅವ್ರು?"

"ಇಲ್ಲ ತಾತ. ನನ್ನ ಹಿಂದೆ ನಿಲ್ಲೋಕೆ ನಮ್ಮೋರು ಯಾರೂ ಇರ್ಲಿಲ್ವಲ್ಲ, ಅಲ್ಲಿನ ಅಜ್ಜಿಯರೇ ಬಂದು ನಿಂತು ಹಾಡಿದ್ರು."

ಅಪ್ಪ ಕುರ್ಚಿಯ ಕೈ ಹಿಡಿದು ಎದ್ದರು. ಕೆಮ್ಮು ಬಂತು, ಮುಗಿಯುವವರೆಗೂ ಎಲ್ಲರೂ ಕಾದೆವು. ನನ್ನ ಕಡೆ ನೋಡದೆ ಹುಡುಗನ ತಾಯಿಗೆ ಕೈಮುಗಿದು ಮಾತಾಡಿದರು.

"ಅಮ್ಮ, ನಮ್ ಗುಡ್ಡನ ದೇವ್ರು ಮಾಡಿದ್ದಲ್ಲ. ನಾವೇ ಒತ್ಕಂಡ್ ಬಂದು ಆಕಿದ್ದು. ಮುಟ್ಟೋ ಅಂಗಿಲ್ಲ, ಇಸ. ಆದ್ರೂ ನಂದೇ. ಕುಡ್ದಿದ್ದು ಬೇತಮಂಗಲದ ಕೆರೆ ನೀರು. ದೋಣಿ ಅಂದ್ರಲ್ಲ, ನಮ್ಗೆ ಕೇಜು. ಅದ್ರಾಗೇ ಬೆಳಿಗ್ಗೆ ಭೂಮಿ ಒಳಿಕ್ ಇಳೀತಿದ್ವಿ. ಪುಣ್ಯ ಇದ್ದೋರು ಸಾಯಂಕಾಲ ಮೇಲಿಕ್ ಬತ್ತಿದ್ರು. ನಾನ್ ಬಂದೆ. ನನ್ ಮಗಳು ಟೀಚರಮ್ಮ. ಇವ್ಳು ನನ್ ಮೊಮ್ಮಗಳು. ಚೆನ್ನಾಗ್ ನೋಡ್ಕಳಿ."

ಮಗಳು ಅಳುತ್ತಲೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಹುಡುಗನ ತಾಯಿ ಕೂತೇ ಇದ್ದರು. ಏನನ್ನೋ ಕಾಯುತ್ತಿದ್ದರು. ಏನೆಂದು ನನಗೆ ಗೊತ್ತಾಯಿತು.

ನಾನು ಹೋಗಿ ಅಪ್ಪನ ಹಿಂದೆ ನಿಂತೆ. ಅವ್ವ ಲೈನ್ ಮನೆಯಲ್ಲಿ ರಾಗಿ ಬೀಸುತ್ತಾ ಹೇಳುತ್ತಿದ್ದ ಅರ್ಧ ಕನ್ನಡ, ಅರ್ಧ ತೆಲುಗಿನ ಹಾಡು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ. ಅದನ್ನೇ ಶುರು ಮಾಡಿದೆ. ಎರಡನೇ ಸಾಲಿಗೆ ಮಗಳೂ ಬಂದು ನಿಂತಳು.

ಮಾತು ಮುಗಿಸಿದ ಅಪ್ಪ ಅಷ್ಟರಲ್ಲಿ ಕೂರಲು ಅರ್ಧ ಬಗ್ಗಿದ್ದರು. ನನ್ನ ದನಿ ಕೇಳಿ ತಿರುಗಿ ನೋಡಿದರು, ಆ ಹಾಡು ನನ್ನ ಬಾಯಿಂದ ಬಂತೆಂದು ನಂಬಲಾಗದವರ ಹಾಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಾಡು ಮುಗಿಯುವವರೆಗೂ ನಿಂತರು. ತಮ್ಮ ಬೆನ್ನಿಗೆ ನಾನು ಬಂದು ನಿಲ್ಲುತ್ತೇನೆಂದು ಅವರು ಎಣಿಸಿಯೇ ಇರಲಿಲ್ಲ.