ಟೀವಿ ನುಂಗಿದ ಸೀರೆಯಂಚು

ಕಳೆದ ವಾರ ಹಳೆಯ ಡಬ್ಬಾ ಟೀವಿಯನ್ನು ಗುಜರಿಯವನಿಗೆ ಕೊಡುವ ಮುಂಚೆ ಒಮ್ಮೆ ಹಾಕಿ ನೋಡಿದೆ. ಚಿತ್ರ ಬರಲಿಲ್ಲ. ಗಾಜು ಚಟಪಟ ಎಂದಿತು, ಬಿಸಿಯಾದ ಧೂಳಿನ ವಾಸನೆ ಎದ್ದಿತು... ಆ ವಾಸನೆಯ ಹಿಂದೆಯೇ ನಮ್ಮ ಸಿಸ್ಟರ್ ಬಂದು ನಿಂತರು, ಗಾಜಿಗೆ ಅಂಟಿಕೊಂಡ ಶಿರವಸ್ತ್ರದ ತುದಿಯನ್ನು ಬಿಡಿಸಿಕೊಳ್ಳುತ್ತಾ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕೊಯಮತ್ತೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದೆ; ಅಪ್ಪ ಅಮ್ಮ ಹತ್ತಿರದ ನೇಕಾರರ ಊರು ನೆಗಮಂನಲ್ಲಿ ಮಗ್ಗದ ಮುಂದೆ. ಗಣಿತ ಹೇಳಿಕೊಡುತ್ತಿದ್ದ ಸಿಸ್ಟರ್ ಮಂಗಳೂರಿನ ಕಡೆಯವರು. ತಮಿಳು ಬೆರೆತ ನನ್ನ ಮನೆಮಾತಿನ ಕನ್ನಡ ಕೇಳಿ ನಗುತ್ತಿದ್ದರು, ನಕ್ಕು ಮುಗಿದ ಮೇಲೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದರು.

ಆ ವರ್ಷ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೆ ತನ್ನದೇ ಪರದೆ ಇರಲಿಲ್ಲ. ಅತಿಥಿಗಳ ಕೋಣೆಯ ಕಲರ್ ಟೀವಿಗೆ ವಯರು ಸಿಕ್ಕಿಸಬೇಕು. ಅದನ್ನು ದಾನ ಕೊಟ್ಟ ಟ್ರಸ್ಟಿನವರು ಒಂದು ಮಾತು ಸೇರಿಸಿಯೇ ಕೊಟ್ಟಿದ್ದರು. ಶಾಲೆಯ ಪ್ರದರ್ಶನದ ದಿನ ಹುಡುಗಿಯರು ಅದರಲ್ಲಿ ಏನಾದರೂ ಮಾಡಿ ತೋರಿಸಬೇಕು. ಇಲ್ಲವಾದರೆ ಅದು ಗಂಡುಮಕ್ಕಳ ಶಾಲೆಗೆ ಹೋಗುತ್ತದೆ.

“ಹೋಗಲಿಕ್ಕೆ ನಾನು ಬಿಡಬೇಕಲ್ಲ” ಎಂದರು ಸಿಸ್ಟರ್. ನನ್ನನ್ನು ಕರೆದು, “ನಿಮ್ಮ ಮನೆಯ ಸೀರೆ ಒಂದನ್ನು ಇದರೊಳಗೆ ಹಾಕು” ಎಂದರು.

ನಮ್ಮಲ್ಲಿ ಯಾವ ವಿನ್ಯಾಸವೂ ಮೊದಲು ಚೌಕಳಿ ಹಾಳೆಯ ಮೇಲೆ ಬರುತ್ತದೆ. ಒಂದು ಚೌಕಕ್ಕೆ ಒಂದು ಚುಕ್ಕೆ ಎಂದು ನಾನು ಟೈಪ್ ಮಾಡಿದೆ. ಪರದೆಯಲ್ಲಿ ಎಲ್ಲ ದಾರವೂ ಕಲಸಿಹೋಗಿ ಬರೀ ಮಸುಕು.

“ನೀನು ನೇಯ್ದದ್ದು ಸೀರೆಯೋ ಮಂಜೋ, ಮಾರಾಯ್ತಿ?” ಎಂದರು ಸಿಸ್ಟರ್.

ಅಷ್ಟು ಸಣ್ಣ ಚುಕ್ಕೆಗಳನ್ನು ಬಿಡಿಸಿ ತೋರಿಸುವ ಶಕ್ತಿ ಆ ಟೀವಿಗಿಲ್ಲ ಎಂದು ಕಂಡುಕೊಂಡವರು ಅವರೇ. ಕಂಪ್ಯೂಟರ್ ದಪ್ಪ ಚುಕ್ಕೆಗಳಲ್ಲಿ ಚಿತ್ರ ಬಿಡಿಸುವಂತೆ ಬದಲಾಯಿಸಿದರು. ಅದಕ್ಕೆ ಹೊಂದುವಂತೆ ನಾನು ಸೀರೆಯನ್ನು ಮತ್ತೆ ಬರೆದೆ. ಒಡಲು ನಿಚ್ಚಳವಾಗಿ ಬಂತು. ಆದರೆ ಎರಡು ಬದಿಯ ಅಂಚೂ ಮಾಯ. ಅಂಚಿಲ್ಲದ ನೆಗಮಂ ಸೀರೆಯನ್ನು ಯಾರಿಗೆ ತೋರಿಸುವುದು? ನನಗೆ ಅಳು ಬಂತು.

ಸಿಸ್ಟರ್ ವಯರು ಬಿಚ್ಚಿ ಸಿಕ್ಕಿಸಿದರು, ಟೀವಿಯ ಗುಂಡಿಗಳನ್ನೆಲ್ಲ ತಿರುಗಿಸಿದರು. ಕೊನೆಗೆ ಚಿತ್ರ ಅಳಿಸಿ, ಒಂದೇ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಅಂಕಿಗಳನ್ನು ಟೈಪ್ ಮಾಡಿದರು. ಮೊದಲ ಎರಡು ಅಂಕಿ ಕಾಣಲಿಲ್ಲ, ಕೊನೆಯವೂ ಕಾಣಲಿಲ್ಲ.

“ನೋಡು, ಕಂಪ್ಯೂಟರ್ ಕಳಿಸಿದೆ, ಟೀವಿ ನುಂಗಿದೆ. ನೀನು ಬದಿಗೆ ಜಾಗ ಯಾಕೆ ಬಿಡಲಿಲ್ಲ?”

“ಅಂಚು ಆದ್ಮೇಲೆ ಬಟ್ಟೆಯೇ ಇರಾದಿಲ್ಲ ಸಿಸ್ಟರ್. ಅಲ್ಲೇ ಮುಗೀತದೆ.”

ಅವರು ನನ್ನನ್ನೇ ನೋಡಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಮಗ್ಗಕ್ಕೆ ಸರಿ. ಇದಕ್ಕೆ ಬೆರಳಗಲ ಬಿಟ್ಟುಕೊಡು. ನುಂಗುವುದಾದರೆ ಖಾಲಿ ಜಾಗ ನುಂಗಲಿ.”

ಜಾಗ ಬಿಡಬೇಕೆಂದರೆ ಏನನ್ನಾದರೂ ಕಿರಿದು ಮಾಡಬೇಕು. ನಾನು ಒಡಲನ್ನು ಕಿರಿದು ಮಾಡಿದೆ, ಅಂಚನ್ನು ಮುಟ್ಟಲಿಲ್ಲ. ಸಿಸ್ಟರ್ ಅದನ್ನು ಗಮನಿಸಿ ತಲೆದೂಗಿದರು.

ಪ್ರದರ್ಶನದ ದಿನ ಅಮ್ಮ ಬೆಳಗಿನ ಬಸ್ಸಿಗೆ ಬಂದು ಉಕ್ಕಡಂ ಬಸ್ ನಿಲ್ದಾಣದಲ್ಲಿ ಇಳಿದು, ಮಲ್ಲಿಗೆ ಮುಡಿದುಕೊಂಡೇ ಶಾಲೆಗೆ ಬಂದಳು. ಟ್ರಸ್ಟಿನ ಹಿರಿಯರೊಬ್ಬರು ಟೀವಿಯ ಮುಂದೆ ನಿಂತು, ಹುಡುಗಿಯರಿಗೆ ಟೈಪ್‌ರೈಟಿಂಗ್ ಸಾಲದೇ ಎಂದು ತಮಿಳಿನಲ್ಲಿ ಕೇಳಿದರು. ಸಿಸ್ಟರ್ ಮುಗುಳ್ನಕ್ಕು, “ಯಾವ ಬಣ್ಣದ ಅಂಚು ಬೇಕು ಹೇಳಿ ಸರ್” ಎಂದರು. ಅವರು ತಮಾಷೆಗೆ ಹಸಿರು ಎಂದರು. ನಾನು ಕೀಲಿ ಒತ್ತಿದೆ. ಕೆಂಪು ಅಂಚು ಎರಡೂ ಬದಿಯಲ್ಲಿ ಮೇಲಿನಿಂದ ಕೆಳಗೆ ಹಸಿರಾಗುತ್ತಾ ಇಳಿಯಿತು, ಒಂದು ಚುಕ್ಕೆಯೂ ತಪ್ಪದೆ. ಹಿರಿಯರು ಕನ್ನಡಕ ತೆಗೆದು ಒರೆಸಿ, ಇನ್ನೊಂದು ಬಣ್ಣ ಕೇಳಿದರು. ಆಮೇಲೆ ಮತ್ತೊಂದು.

ಅಮ್ಮ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಅಂಚು ನೇರವಾಗಿ ನಿಂತದೆ, ನನ್ನ ಕಣ್ಣು. ಒಡಲೇ ಕೊಂಚ ಒಲ್ಲಿ.”

“ಒಡಲು ತೆಳ್ಳಗಿದ್ದರೆ ಪರವಾಗಿಲ್ಲಮ್ಮ, ಮಗಳ ಮರ್ಯಾದೆ ಅಂಚಿನಲ್ಲಿದೆ” ಎಂದರು ಸಿಸ್ಟರ್. ಅವರ ಕೈ ನನ್ನ ಹೆಗಲ ಮೇಲಿತ್ತು. ಆ ಕೈಯ ಭಾರ ಇವತ್ತಿಗೂ...

ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು. ಮದುವೆಯಾದ ಮೇಲೆ ನನಗೆ ಅಂಥದ್ದರ ಮುಂದೆ ಕೂರುವ ಕೆಲಸ ಬರಲಿಲ್ಲ. ನನ್ನ ನಂತರ ಎಷ್ಟೋ ಹುಡುಗಿಯರು ಅದರ ಮುಂದೆ ಕೂತರಲ್ಲ, ಅದನ್ನು ನೆನೆದರೆ ಇಂದಿಗೂ ಬೆನ್ನು ನೆಟ್ಟಗಾಗುತ್ತದೆ. ಸಿಸ್ಟರ್ ತೀರಿಕೊಂಡ ಸುದ್ದಿ ನನಗೆ ತಲುಪುವಾಗ ತಿಂಗಳುಗಳೇ ಕಳೆದಿದ್ದವು.

ಇದನ್ನು ಬರೆಯುವಾಗಲೂ ಹಾಳೆಯ ಎರಡೂ ಬದಿಗೆ ಬೆರಳಗಲ ಜಾಗ ಬಿಟ್ಟಿದ್ದೇನೆ. ಅಕ್ಷರ ಅವರು ತಿದ್ದಿಸಿದ್ದು. ತಪ್ಪಿದ್ದರೆ ನಗಲಿಕ್ಕೆ ಈಗ ಅವರಿಲ್ಲ.