ಇನ್ನೊಂದ್ಸಲ ಟೀಚರ್ ಕೊಟ್ಟ ಸ್ವೆಟರು

ಮೌಲ್ಯಮಾಪಕರು ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಪಾಠ ನೋಡಬೇಕೆಂಬುದು ಮೇಲಿನಿಂದ ಬಂದ ಕಟ್ಟಪ್ಪಣೆ. ತಕ್ಕಡಿ ಸಾಹೇಬರು ಸದ್ದಿಲ್ಲದೆಯೇ ಕೂತರು. ಸದ್ದು ಮಾಡಿದ್ದು ಅವರ ಪ್ಯಾಂಟು. ಬೆಂಚಿನ ಮೊಳೆಗೆ ಸಿಕ್ಕ ಬಟ್ಟೆ ಪರ್ರೆಂದು ಹರಿಯಿತು, ಇಡೀ ತರಗತಿ ತಿರುಗಿ ನೋಡಿತು.

"ಏಳಬೇಡ ತಮ್ಮಾ, ಹಾಗೇ ಕೂತಿರು," ಎಂದು ಗಣಿತದ ಟೀಚರ್ ಹತ್ತಿರ ಬಂದು ಪಿಸುಗುಟ್ಟಿ, ಕುರ್ಚಿಗೆ ನೇತುಹಾಕಿದ್ದ ತಮ್ಮ ಬೂದು ಸ್ವೆಟರನ್ನು ತಂದುಕೊಟ್ಟರು. ಸಾಹೇಬರು ಅದನ್ನು ಸೊಂಟಕ್ಕೆ ಬಿಗಿದುಕೊಂಡು, ಏನೂ ಆಗದವರಂತೆ ಪೆನ್ನಿನ ಮುಚ್ಚಳ ತೆಗೆದರು.

ಸಾಹೇಬರೂ ಮೂಲತಃ ವಿಜ್ಞಾನದ ಮೇಷ್ಟ್ರೇ. ದೇಶಕ್ಕೆಲ್ಲ ಶಿಕ್ಷಣ ಸುಧಾರಣೆ ಬಂದು, ಮೇಷ್ಟ್ರುಗಳನ್ನು ತೂಗಲು ಮೇಷ್ಟ್ರುಗಳನ್ನೇ ಆರಿಸಿದಾಗ ಈ ಅಡ್ಡಹೆಸರು ಅಂಟಿಕೊಂಡಿತ್ತು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ತರಗತಿ ಅವರು ಅಕ್ಕಾ ಎನ್ನುತ್ತಿದ್ದ ಈ ಗಣಿತದ ಟೀಚರದೇ. ಮಕ್ಕಳ ಗಲಾಟೆ ತಡೆಯಲಾರದೆ ಅವರು ಕಾರಿಡಾರಿನಲ್ಲಿ ನಿಂತುಬಿಟ್ಟಾಗ, ಅಕ್ಕ ಎರಡು ಬಾಗಿಲುಗಳ ನಡುವೆ ನಿಂತು ಎರಡೂ ತರಗತಿಗೆ ಲೆಕ್ಕ ಹೇಳಿಕೊಟ್ಟಿದ್ದುಂಟು. ಹೆಡ್‌ಮಾಸ್ಟರು ವಿಚಾರಿಸಿದರೆ, ಪಾಪ, ಅವನಿಗೆ ಗಂಟಲು ಕಟ್ಟಿದೆ ಎನ್ನುತ್ತಿದ್ದರು.

ಮಕ್ಕಳು ಅಕ್ಕನಿಗೆ ಇಟ್ಟ ಹೆಸರು ಇನ್ನೊಂದ್ಸಲ ಟೀಚರ್. ಕೊನೆಯ ಬೆಂಚಿಗೆ ಅರ್ಥವಾಗುವವರೆಗೂ ಅವರ ಬಾಯಲ್ಲಿ ಅದೊಂದೇ ಮಾತು. ವರ್ಷ ಮುಗಿದರೂ ಪುಸ್ತಕ ಮುಗಿಯುತ್ತಿರಲಿಲ್ಲ. ಹಾಗಾಗಿ ಕಳೆದ ಸಲ ಬೇರೊಬ್ಬ ಮೌಲ್ಯಮಾಪಕರು "ಸಾಲದು" ಎಂದಿದ್ದರು. ಇನ್ನೊಂದು "ಸಾಲದು" ಬಿದ್ದರೆ ಕೆಲಸವೇ ಹೋಗುತ್ತದೆ.

ಉಳಿದ ಮೇಷ್ಟ್ರುಗಳು ಈ ದಿನಕ್ಕೆಂದೇ ಪಾಠವನ್ನು ನಾಟಕದಂತೆ ತಾಲೀಮು ಮಾಡಿಸಿದ್ದರು. ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳುವ ಮೊದಲೇ ಮಕ್ಕಳು ಉತ್ತರ ಹೇಳಿಬಿಟ್ಟಿದ್ದವು. ಅಕ್ಕ ಮಾತ್ರ ನಿನ್ನೆಯ ಲೆಕ್ಕವನ್ನೇ ಹಿಡಿದು ಕೂತಿದ್ದರು. ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದು ಪಾಲು ದೊಡ್ಡದೋ? ಸಾಹೇಬರ ಪಕ್ಕ ಕೂತಿದ್ದ ಹುಡುಗಿ ನಾಲ್ಕರದ್ದೇ ಎಂದು ಹಟ ಹಿಡಿದಿದ್ದಳು. ಅಕ್ಕ ಕಾಗದ ಹರಿದು ತೋರಿಸಿದರು, ಮಕ್ಕಳನ್ನು ಗುಂಪು ಮಾಡಿ ನಿಲ್ಲಿಸಿ ಹಂಚಿಸಿದರು. ಗಂಟೆ ಹೊಡೆಯುವ ಹೊತ್ತಿಗೆ ಹುಡುಗಿ ತನ್ನಷ್ಟಕ್ಕೇ ನಕ್ಕಳು.

"ಜಾಸ್ತಿ ಜನ ಆದ್ರೆ ಕಮ್ಮಿ ಸಿಗುತ್ತೆ. ಅಷ್ಟೇನಾ?"

ಅಷ್ಟೇ. ಇಂಥ ಗಳಿಗೆ ತಮ್ಮ ತರಗತಿಯಲ್ಲಿ ಒಮ್ಮೆಯೂ ಬಂದಿರಲಿಲ್ಲವೆಂದು ಸಾಹೇಬರಿಗೆ ಗೊತ್ತಿತ್ತು. ಎದೆ ತುಂಬಿ ಬಂತು. ಅದೇ ಎದೆಯ ಜೇಬಿನಲ್ಲಿ ಫೋನೂ ನಡುಗಿತು.

ಮೇಲಧಿಕಾರಿ. ಶಾಲೆಗೊಂದಾದರೂ "ಸಾಲದು" ಬೇಕೇ ಬೇಕಂತೆ. "ಎಲ್ಲಾ ಮೇಷ್ಟ್ರೂ ಚೆನ್ನಾಗಿ ಪಾಠ ಮಾಡ್ತಾರೆ ಅಂತ ಬರೆದ್ರೆ, ಸುಧಾರಣೆ ಯಾರಿಗಪ್ಪಾ ಮಾಡೋದು?" ಎಂದರು. ಈ ಶಾಲೆಗಿರುವ ಮೂವರಲ್ಲಿ ಒಬ್ಬರು ಶಿಕ್ಷಕರ ಸಂಘದ ಕಾರ್ಯದರ್ಶಿ, ಅವರನ್ನು ಮುಟ್ಟಿದರೆ ಮುಷ್ಕರ. ಇನ್ನೊಬ್ಬರು ಮೇಲಧಿಕಾರಿಯ ಸ್ವಂತ ಭಾವಮೈದುನ. ಉಳಿದವರು ಹಿಂದೆ ಮುಂದೆ ಯಾರೂ ಇಲ್ಲದ ಅಕ್ಕ. ಆಗುವುದಿಲ್ಲ ಎನ್ನಲು ಸಾಹೇಬರು ಬಾಯಿ ತೆರೆದರು. ಆಗುವುದಿಲ್ಲವಾದರೆ ತಕ್ಕಡಿ ಬೇರೆಯವರಿಗೆ, ನೀವು ನಾಳೆಯೇ ನಿಮ್ಮ ತರಗತಿಗೆ ವಾಪಸ್ಸು, ಎಂದಿತು ಫೋನು. ಸಾಹೇಬರ ಕಣ್ಣಮುಂದೆ ಆ ಗಲಾಟೆ, ಆ ಕಾರಿಡಾರು. ಗಂಟಲು ಈ ಸಲ ನಿಜವಾಗಿಯೂ ಕಟ್ಟಿತು.

ಫಲಿತಾಂಶವನ್ನು ಮುಖ ನೋಡಿ ಹೇಳಬೇಕೆಂಬುದು ಇನ್ನೊಂದು ಅಪ್ಪಣೆ. ಸಾಹೇಬರು ಹೇಳಿದ್ದು ಕರಿಹಲಗೆಯ ಮುಖ ನೋಡಿ. ಪಾಠದ ವೇಗ ಸಾಲದು, ಹೊಸ ವಿಷಯ ಸಾಲದು, ಒಟ್ಟಾರೆ ಸಾಲದು. ಹೇಳುತ್ತ ಹೇಳುತ್ತ, ಹೊಟ್ಟೆಯ ಮೇಲಿದ್ದ ಸ್ವೆಟರಿನ ತೋಳುಗಳ ಗಂಟನ್ನು ಬೆರಳುಗಳು ತಾವಾಗಿಯೇ ಬಿಚ್ಚತೊಡಗಿದವು.

ಅಕ್ಕ ಹಲಗೆ ಒರೆಸುತ್ತಿದ್ದರು. ಕೈ ನಿಲ್ಲಲಿಲ್ಲ.

ಕೊನೆಗೊಂದು ಕಡ್ಡಾಯ ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಹೋಗುವ ಧೈರ್ಯವೂ ಸಾಹೇಬರಿಗಿರಲಿಲ್ಲ.

"ಈ ಮೌಲ್ಯಮಾಪನದ ಬಗ್ಗೆ ನೀವು ಹೇಳೋದೇನಾದ್ರೂ ಇದೆಯಾ, ಅಕ್ಕಾ?"

ಅಕ್ಕ ಡಸ್ಟರು ಕೆಳಗಿಟ್ಟು, ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಸ್ವೆಟರ್ ಈಗಲೇ ಬಿಚ್ಚಬೇಡಿ, ಸಾರ್. ಹಿಂದೆ ಇನ್ನೂ ಹರಿದೇ ಇದೆ."