ಎಲ್ಲರ ಸಾವಿನಲ್ಲೂ ಒಂದು ತೊಟ್ಟಿಲು

ಸತ್ತವರ ಮುಂದೆ ಕೂತು, ಅವರ ಗುಣ ಎತ್ತಿ ಹಾಡಿಕೊಂಡು ಅಳುವುದರಲ್ಲಿ ಬಿಳಿಚೋಡಿನಲ್ಲಿ ನಮ್ಮವ್ವನದು ದೊಡ್ಡ ಹೆಸರು. ಯಾರೇ ತೀರಿಕೊಂಡರೂ ಎಸರಿಟ್ಟ ಒಲೆ ಬಿಟ್ಟು ಓಡುತ್ತಿದ್ದಳು. ಹಸಿದು ಕೂತ ನನಗೆ ಆ ಹೆಸರಿನ ಮೇಲೇ ಸಿಟ್ಟು.

ಈಗ ಚನ್ನಗಿರಿಯಲ್ಲಿ ಕನ್ನಡ ಪಾಠ ಹೇಳುವ ನಾನು ಅದೇ ಅಳುಹಾಡುಗಳ ಮೇಲೆ ಪ್ರಬಂಧ ಬರೆಯಲು ಹೊರಟೆ. ಸಾವಿಲ್ಲದ ಮನೆಯೊಳಗೆ ಅವನ್ನು ಹಾಡುವಂತಿಲ್ಲ. ಹಾಗಾಗಿ ನನ್ನ ಮನೆಗೆ ಬಂದಿದ್ದ ಅವ್ವನನ್ನು ಸೂಳೆಕೆರೆ ಏರಿಗೆ ಕರೆದೊಯ್ದು, ಹಿಂದೆ ಊರಲ್ಲಿ ಸತ್ತವರಿಗೆ ಹಾಡಿದ್ದನ್ನೆಲ್ಲ ಮತ್ತೆ ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಕೂತು ಎಲ್ಲವನ್ನೂ ಟೈಪ್ ಮಾಡಿದೆ.

ಟೈಪ್ ಮಾಡಿದ್ದನ್ನು ಕೊಟ್ಟರೆ ಚಿತ್ರ ಬರೆದುಕೊಡುವ ತಂತ್ರಾಂಶವೊಂದಿದೆ. ಹೆಚ್ಚು ಸಲ ಬಂದ ಮಾತಿಗೆ ದೊಡ್ಡ ಚುಕ್ಕಿ, ಜೊತೆಜೊತೆಗೆ ಬರುವ ಮಾತುಗಳ ನಡುವೆ ಗೆರೆ. ಊರ ಗೌಡರ ಹಾಡಿಗೆ ಎತ್ತು, ಕಣ, ರುಮಾಲು ಬಂದವು. ಕುರಿ ಕಾಯುತ್ತಿದ್ದ ಮುದುಕನಿಗೆ ಕಂಬಳಿ, ಹಟ್ಟಿ. ಸರಿಯೇ. ಆದರೆ ಪ್ರತಿ ಹಾಡಿನಿಂದಲೂ ಒಂದಿಷ್ಟು ಗೆರೆಗಳು ಹೋಗಿ ಒಂದೇ ಮೂಲೆಯಲ್ಲಿ ಸೇರುತ್ತಿದ್ದವು. ಅಲ್ಲಿ ತೊಟ್ಟಿಲು, ಎದೆಹಾಲು, ಕುಲಾವಿ. ಹಣ್ಣು ಮುದುಕರಾಗಿ ಸತ್ತ ಗೌಡರಿಗೆ ಕೂಸಿನ ತಲೆಗೆ ಹಾಕುವ ಕುಲಾವಿ ಯಾಕೆ? ನಾನೇ ಎಡವಟ್ಟು ಮಾಡಿರಬೇಕೆಂದು ರೆಕಾರ್ಡ್ ಮತ್ತೆ ಕೇಳಿದೆ. ತಪ್ಪಿರಲಿಲ್ಲ. ಆ ಮೂಲೆಯನ್ನು ಅಳಿಸಿದರೆ ಪ್ರಬಂಧ ಸಲೀಸಾಗಿ ಮುಗಿಯುತ್ತಿತ್ತು, ಮನಸ್ಸು ಒಪ್ಪಲಿಲ್ಲ. ಲ್ಯಾಪ್‌ಟಾಪ್ ಹಿಡಿದು ಅವ್ವನ ಪಕ್ಕ ಕೂತೆ.

ಅವಳಿಗೆ ಓದು ಬರದು. ಒಂದೊಂದೇ ಚುಕ್ಕಿ ಮುಟ್ಟಿ ಓದಿ ಹೇಳಿದೆ. ಕುಲಾವಿ ಅಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು. ಅವಳಿಗೆ ಮೊದಲು ಹುಟ್ಟಿದ್ದು ನಾನಲ್ಲವಂತೆ. ಒಂದು ಹೆಣ್ಣು ಕೂಸು, ಹೆಸರಿಡುವ ಮೊದಲೇ ಹೋಗಿಬಿಟ್ಟಿತ್ತಂತೆ.

“ಹೆಸರಿಡದ ಕೂಸಿಗೆ ಹಾಡ್ಕಂಡು ಅತ್ರೆ ಮುಂದೆ ಹುಟ್ಟೋದು ಉಳಿಯಂಗಿಲ್ಲ ಅಂದ್ರು ನಮ್ಮತ್ತೆ. ಬಾಯಿ ಬಿಗಿಹಿಡ್ಕಂಡೆ. ಅಳಾಕೆ ಒಂದು ಜಾಗ ಬೇಕಿತ್ತಲ್ಲ, ಊರಾಗೆ ಯಾರಾದ್ರೂ ಸಾಯ್ಲಿ ಅಂತ ಕಾಯ್ತಿದ್ದೆ ಕಣವ್ವ.”

ಮುಂದೆ ಹುಟ್ಟಿದವಳು ನಾನು. ಅಕ್ಕ ಎಂದು ಕರೆಯಲು ಒಬ್ಬಳಿದ್ದಳು, ಅವಳ ಸುದ್ದಿ ನನಗೆ ಒಂದು ಯಂತ್ರದಿಂದ ಗೊತ್ತಾಗಬೇಕಾಯಿತೇ ಎಂದು ಸಂಕಟ. ನಾಳೆಯೇ ಏರಿಗೆ ಹೋಗೋಣ, ಈಗಲಾದರೂ ಅವಳಿಗೆಂದೇ ಒಂದು ಹಾಡು ಹಾಡಿ ಅತ್ತುಬಿಡು ಎಂದು ಕೈ ಹಿಡಿದುಕೊಂಡೆ.

ಅವ್ವ ಕೈ ಬಿಡಿಸಿಕೊಂಡಳು.

“ಬ್ಯಾಡ. ನೀನಿನ್ನೂ ಬದುಕಿದ್ದೀಯಲ್ಲ.”